ಸುಳಿವೆಲ್ಲ ಕೊಟ್ಟಿದ್ದೆನಲ್ಲ, ಪೊಲೀಸಪ್ಪ!

ಸರಣಿ ಕೊಲೆಗಾರನ ಸಿನಿಮಾ ಮುಗಿದು ದೀಪ ಹತ್ತಿದ ಮೇಲೆ ಮೆಟ್ಟಿಲಿಳಿಯುವವರ ಮಾತಿಗೆ ಸುಮ್ಮನೆ ಕಿವಿಗೊಡಿ. ಎರಡು ಗಂಟೆಯೊಳಗೆ ಆರೇಳು ಜನ ಹೋಗಿರುತ್ತಾರೆ. ‘ಪಾಪ, ಆ ಎರಡನೇ ಹುಡುಗಿ ಇನ್ನೂ ಚಿಕ್ಕವಳು’ ಎಂದು ಒಬ್ಬರಾದರೂ ಲೊಚಗುಟ್ಟುತ್ತಾರೇನು? ಊಹೂಂ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಂಗೆ ಇಂಟರ್‌ವಲ್‌ಗೆ ಮುಂಚೇನೇ ಗೊತ್ತಾಗಿತ್ತು ಕಣ್ರೀ!’ ಗೊತ್ತಾಗಿದ್ದರೆ ಆಗಲೇ ಹೇಳಬಾರದಿತ್ತೇ ಎಂದರೆ, ‘ನಿಮ್ಮ ಮಜಾ ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ’ ಎನ್ನುತ್ತಾರೆ. ಇಷ್ಟು ದೊಡ್ಡ ಮನಸ್ಸಿನವರು ಬೇರೆ ಯಾವ ವಿಷಯದಲ್ಲೂ ಬಾಯಿ ಮುಚ್ಚಿಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಸಿನಿಮಾ ಕಾದಂಬರಿಯಿಂದ ಬಂದದ್ದಾದರೆ ಇವರಿಗಿಂತ ಒಂದು ಮೆಟ್ಟಿಲು ಮೇಲೆ ಇನ್ನೊಂದು ಪಂಗಡ ಕೂತಿರುತ್ತದೆ. ಪುಸ್ತಕ ಓದಿದವರು. ಇವರು ಕೊಲೆಗಾರನನ್ನು ಹುಡುಕುವ ತಂಟೆಗೇ ಹೋಗುವುದಿಲ್ಲ. ಕೊಲೆಗಾರ ಇವರಿಗೆ ಹಳೇ ಪರಿಚಯ. ಪರದೆಯ ಮೇಲೆ ಅವನು ಕಾಣಿಸಿಕೊಂಡ ಕೂಡಲೇ ತುಟಿಯಂಚಿನಲ್ಲಿ ಒಂದು ನಗು ಬರುತ್ತದೆ. ಆ ನಗು ಯಾವಾಗ ಬಂತೆಂದು ಪಕ್ಕದವನು ಗಮನಿಸಿದರೆ ಸಾಕು, ರಹಸ್ಯ ಅಲ್ಲಿಗೇ ಬಯಲು. ಹೊರಗೆ ಬಂದ ಮೇಲೆ ಇವರ ತೀರ್ಪೂ ಮೊದಲೇ ಬರೆದಿಟ್ಟದ್ದು: ‘ಬುಕ್‌ನಲ್ಲಿ ಇದ್ದದ್ದು ಇಲ್ಲಿ ಬಂದಿಲ್ಲ.’ ಬೇರೆ ಥರ ಹೇಳಿದರೆ ಅಷ್ಟು ದಪ್ಪದ ಪುಸ್ತಕ ಓದಿದ ಶ್ರಮ ವ್ಯರ್ಥವಾಗುವುದಿಲ್ಲವೇ?

ಇದು ಕೊಲೆ ಸಿನಿಮಾಕ್ಕಷ್ಟೇ ಅಂಟಿದ ರೋಗವೂ ಅಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದಾಗ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಸ್ವತಃ ಕಾದಂಬರಿಕಾರರೇ ನೊಂದುಕೊಂಡರು ಎಂಬ ಮಾತು ಇವತ್ತಿಗೂ ಓಡಾಡುತ್ತಿದೆ. ಜನ ಆ ಕೇರೆಹಾವನ್ನೇ ತಲೆಯ ಮೇಲೆ ಹೊತ್ತು ಮೆರೆಸಿದರು, ಅದು ಬೇರೆ ಮಾತು.

ಈ ಓದಿದವರ ಕಾಟಕ್ಕೆ ಮದ್ದು ಹುಡುಕಿದಾತ ಆಲ್ಫ್ರೆಡ್ ಹಿಚ್‌ಕಾಕ್ ಮಹಾಶಯ. ರಾಬರ್ಟ್ ಬ್ಲಾಕ್ ಬರೆದ ‘ಸೈಕೋ’ ಕಾದಂಬರಿ 1959ರಲ್ಲಿ ಬಂತು. ಹಿಚ್‌ಕಾಕ್ ತನ್ನ ಹೆಸರು ಹೊರಗೆ ಬಿಡದೆ ಹತ್ತು ಸಾವಿರ ಡಾಲರಿಗೂ ಕಡಿಮೆಗೆ ಹಕ್ಕು ಕೊಂಡ. ಅಂಗಡಿಯಲ್ಲಿದ್ದ ಪ್ರತಿಗಳನ್ನೂ ಸಿಕ್ಕಷ್ಟು ಕೊಳ್ಳಿಸಿದ ಎಂಬುದು ಪ್ರತೀತಿ. ಓದಿದವರೇ ಇಲ್ಲದಿದ್ದರೆ ಬಾಯಿ ಬಿಡುವವರಾದರೂ ಯಾರು? ಮರುವರ್ಷ ಸಿನಿಮಾ ಬಂದಾಗ, ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಥಿಯೇಟರುಗಳಿಗೆ ಕಟ್ಟಪ್ಪಣೆ. ಕೊನೆಯನ್ನು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರಿಗೆ ವಿನಂತಿ ಬೇರೆ. ಪುಸ್ತಕದಲ್ಲಿ ಮೋಟೆಲ್ ಯಜಮಾನ ನಾರ್ಮನ್ ಬೇಟ್ಸ್ ನಲವತ್ತರ ದಢೂತಿ, ಸೋಡಾಬುಡ್ಡಿ ಕನ್ನಡಕದವನು. ಸಿನಿಮಾದಲ್ಲಿ ಆಂಟನಿ ಪರ್ಕಿನ್ಸ್ ಎಂಬ ತೆಳ್ಳಗಿನ, ನಾಚುವ ಹುಡುಗ. ‘ಬುಕ್‌ನಲ್ಲಿ ಹೀಗಿರಲಿಲ್ಲ’ ಎಂದು ಗೊಣಗಿದವರು ಅಲ್ಲೂ ಇದ್ದಿರಲೇಬೇಕು. ಅವರ ಗೊಣಗಾಟ ಕಿರುಚಾಟದಲ್ಲಿ ಕೇಳಿಸಿರಲಿಕ್ಕಿಲ್ಲ, ಅಷ್ಟೇ.

ನಮ್ಮಲ್ಲಿ ಹಿಚ್‌ಕಾಕನ ಆಟ ನಡೆಯುತ್ತಿರಲಿಲ್ಲ ಬಿಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಾಡಿಗೆ ಲೈಬ್ರರಿಗಳನ್ನು ಆಳುತ್ತಿದ್ದ ಕಾಲದಲ್ಲಿ, ಹಿಂದೆ ಓದಿದ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲಿನಿಂದ ಬರೆದಿಟ್ಟಿರುತ್ತಿದ್ದ: ಕೊಲೆಗಾರ ಇಂಥವನು. ಅದರ ಕೆಳಗೆ ಇನ್ನೊಬ್ಬ, ‘ಸುಳ್ಳು, ನಂಬಬೇಡಿ.’ ಮೂರನೆಯವನು ಇಬ್ಬರಿಗೂ ಬೈದಿರುತ್ತಿದ್ದ. ಕಥೆಗಿಂತ ಆ ಮೊದಲ ಪುಟದ ಪತ್ತೇದಾರಿಯೇ ಹೆಚ್ಚು ರೋಚಕವಾಗಿರುತ್ತಿತ್ತು.

ಓದಿದ್ದನ್ನು ಓದಿದವರೇ ಮೆಚ್ಚುತ್ತಾರೆಂದೂ ಇಲ್ಲ. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ 1991ರಲ್ಲಿ ಬಂದು ಐದು ದೊಡ್ಡ ಆಸ್ಕರ್ ಬಾಚಿಕೊಂಡಾಗ ಎಲ್ಲರೂ ತೆಪ್ಪಗಿದ್ದರು. ಅದರ ಮೂಲ ಕಾದಂಬರಿ ಬರೆದ ಥಾಮಸ್ ಹ್ಯಾರಿಸ್ 1999ರಲ್ಲಿ ಮುಂದಿನ ಕಥೆಯಾಗಿ ‘ಹ್ಯಾನಿಬಲ್’ ಬರೆದು, ನಾಯಕಿಯನ್ನು ಆ ನರಭಕ್ಷಕ ಡಾಕ್ಟರನ ಜೊತೆಗೇ ಕಳಿಸಿಬಿಟ್ಟ. ಇದೆಂಥ ಕೊನೆ ಎಂದು ಓದುಗರು ಬೊಬ್ಬೆ ಹೊಡೆದರು. ಮೊದಲ ಸಿನಿಮಾದ ನಾಯಕಿ ಜೋಡಿ ಫಾಸ್ಟರ್ ಮತ್ತೆ ಆ ಪಾತ್ರ ಮಾಡಲು ಒಪ್ಪಲಿಲ್ಲ. 2001ರ ಸಿನಿಮಾದಲ್ಲಿ ಕೊನೆಯನ್ನು ಬದಲಿಸಿದರು. ಆಗ? ‘ಪುಸ್ತಕದ ಕೊನೆ ತೋರಿಸುವ ಧೈರ್ಯ ಇಲ್ಲದೇ ಹೋಯ್ತು’ ಎನ್ನುವವರೂ ಹುಟ್ಟಿಕೊಂಡರು.

ಈ ಎಲ್ಲ ಪಂಗಡಗಳನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ ಒಂದೇ ದನಿಯಲ್ಲಿ ಬೈಯಿಸಿದ ಕೀರ್ತಿ ಮಾತ್ರ 2017ರ ‘ದಿ ಸ್ನೋಮ್ಯಾನ್’ಗೆ ಸಲ್ಲಬೇಕು. ನಾರ್ವೆಯ ಯೂ ನೆಸ್ಬೋ ಬರೆದ ಕಾದಂಬರಿ. ಈ ನೆಸ್ಬೋ ಫುಟ್‌ಬಾಲ್ ಆಡಿದವನು, ಷೇರುಪೇಟೆಯಲ್ಲಿ ದುಡಿದವನು, ವಾದ್ಯತಂಡ ಕಟ್ಟಿ ಹಾಡಿದವನು, ಆಮೇಲೆ ಕೊಲೆ ಬರೆಯಲು ಕೂತವನು. ಅವನ ಕುಡುಕ ಪತ್ತೇದಾರ ಹ್ಯಾರಿ ಹೂಲೆಯ ಸರಣಿಯಲ್ಲಿ ಇದು ಏಳನೆಯದು. ಮೊದಲ ಹಿಮ ಬಿದ್ದಾಗ ಹೆಂಗಸರು ಕಾಣೆಯಾಗುತ್ತಾರೆ, ಅಲ್ಲೊಂದು ಹಿಮದ ಗೊಂಬೆ ನಿಂತಿರುತ್ತದೆ. ಮಕ್ಕಳು ಮಾಡುವ ಗೊಂಬೆ ರಸ್ತೆ ಕಡೆ ನೋಡುತ್ತದೆ, ಇದು ಮನೆ ಕಡೆ ನೋಡುತ್ತದೆ. ಹಿಮವನ್ನೇ ಕಾಣದ ನಮಗೂ ಓದುವಾಗ ಬೆನ್ನುಹುರಿ ಸುಯ್ ಎನ್ನುತ್ತದೆ.

ಸಿನಿಮಾಕ್ಕೆ ಯಾವುದರ ಕೊರತೆ ಇತ್ತು ಹೇಳಿ! ಹೂಲೆಯಾಗಿ ಮೈಕಲ್ ಫಾಸ್ಬೆಂಡರ್. ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ಯಂಥ ಜಟಿಲ ಕಾದಂಬರಿಯನ್ನೇ ಪಳಗಿಸಿದ್ದ ತೋಮಾಸ್ ಆಲ್ಫ್ರೆಡ್‌ಸನ್ ನಿರ್ದೇಶಕ. ಬೆನ್ನಿಗೆ ನಿರ್ಮಾಪಕರ ಸಾಲಿನಲ್ಲಿ ಮಾರ್ಟಿನ್ ಸ್ಕಾರ್ಸೆಸಿ. ಸಂಕಲನಕ್ಕೆ ಥೆಲ್ಮಾ ಸ್ಕೂನ್‌ಮೇಕರ್ ಮತ್ತು ಕ್ಲೇರ್ ಸಿಂಪ್ಸನ್, ಇಬ್ಬರೂ ಆಸ್ಕರ್ ಗೆದ್ದವರು. ಪೋಸ್ಟರಿನಲ್ಲಿ ಮಗುವೊಂದು ಗೀಚಿದಂಥ ಹಿಮದ ಗೊಂಬೆ, ಪಕ್ಕದಲ್ಲಿ ಕೊಲೆಗಾರನ ಚೀಟಿ: ಪೊಲೀಸಪ್ಪ, ನೀನು ಅವಳನ್ನು ಉಳಿಸಬಹುದಿತ್ತು, ಸುಳಿವೆಲ್ಲ ನಾನೇ ಕೊಟ್ಟಿದ್ದೆನಲ್ಲ!

ಜನ ಹೋದರು, ಕೂತರು, ಹುಡುಕಿದರು. ಸುಳಿವು ಸಿಗಲಿಲ್ಲ. ವಿಮರ್ಶಕರ ಮೆಚ್ಚುಗೆ ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಆಮೇಲೆ ನಿರ್ದೇಶಕರೇ ನಾರ್ವೆಯ ಸುದ್ದಿವಾಹಿನಿಯೊಂದರಲ್ಲಿ ಬಾಯಿಬಿಟ್ಟರು: ಚಿತ್ರೀಕರಣಕ್ಕೆ ಸಮಯ ಸಾಲಲಿಲ್ಲ, ಚಿತ್ರಕಥೆಯಲ್ಲಿ ಶೇಕಡಾ 10ರಿಂದ 15ರಷ್ಟು ಭಾಗವನ್ನು ಶೂಟ್ ಮಾಡಲೇ ಇಲ್ಲ! ಬಟ್ಟೆಯೇ ಸಾಲದಿದ್ದರೆ ಎಷ್ಟು ದೊಡ್ಡ ದರ್ಜಿಯ ಕತ್ತರಿಯಾದರೂ ಏನು ಮಾಡೀತು? ಕೊಲೆಗಾರ ಪಾಪ ಸುಳ್ಳು ಹೇಳಿರಲಿಲ್ಲ. ಸುಳಿವು ಕೊಟ್ಟಿದ್ದ. ಕ್ಯಾಮೆರಾದವರು ಹೋಗಿ ತರಲಿಲ್ಲ.

ಪ್ರೇಕ್ಷಕನಿಗೆ ಸಿಟ್ಟು ಬಂದದ್ದು ಇದಕ್ಕೇ ನೋಡಿ. ಕೊಲೆ ಚೆನ್ನಾಗಿಲ್ಲ, ಭಯವಾಗಲಿಲ್ಲ ಎಂದರೆ ಅವನು ಕ್ಷಮಿಸಿಯಾನು. ‘ನಂಗೆ ಮುಂಚೇನೇ ಗೊತ್ತಿತ್ತು’ ಎನ್ನುವ ಅವನ ಜನ್ಮಸಿದ್ಧ ಹಕ್ಕನ್ನು ಕಿತ್ತುಕೊಂಡರೆ ಹೇಗೆ ಸುಮ್ಮನಿದ್ದಾನು?

ನಾರ್ವೆಯವರಿಗಂತೂ ಈ ಹಕ್ಕು ಹಬ್ಬಕ್ಕೆ ಸಮ. ಆ ದೇಶದಲ್ಲಿ ನಿಜವಾದ ಕೊಲೆ ವರ್ಷಕ್ಕೆ 30ರ ಆಸುಪಾಸು. ಈ ಕೊರತೆಯನ್ನು ಕಾದಂಬರಿಯಲ್ಲಿ ತುಂಬಿಕೊಳ್ಳುತ್ತಾರೆ. ಈಸ್ಟರ್ ರಜೆ ಬಂದರೆ ಬೆಟ್ಟದ ಮೇಲಿನ ಮರದ ಮನೆಗೆ ಹೋಗಿ, ಕಿತ್ತಳೆ ಸುಲಿಯುತ್ತ ಕೊಲೆ ಕಥೆ ಓದುವುದು ಅಲ್ಲಿನ ಸಂಪ್ರದಾಯ. ಹಾಲಿನ ಪೊಟ್ಟಣದ ಮೇಲೂ ಪುಟ್ಟ ಪತ್ತೇದಾರಿ ಕಥೆ ಅಚ್ಚಾಗುತ್ತದೆ. 1923ರ ಈಸ್ಟರ್ ಹೊತ್ತಿಗೆ, ಬರ್ಗನ್ ರೈಲನ್ನು ರಾತ್ರಿ ದೋಚಿದ್ದಾರೆ ಎಂದು ಪತ್ರಿಕೆಯ ಮುಖಪುಟದಲ್ಲೇ ಬಂತು. ಅದು ಹೊಸ ಕಾದಂಬರಿಯ ಜಾಹೀರಾತು. ಸುದ್ದಿ ಎಂದೇ ನಂಬಿ ಗಾಬರಿಗೊಂಡವರು ಇದ್ದರಂತೆ. ಸಂಪ್ರದಾಯ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಇಂಥ ಜನರ ಓಸ್ಲೋ, ಬರ್ಗನ್ನುಗಳಿಗೇ ಬಂದು, ಎಲ್ಲರ ಕೈಲೂ ಇಂಗ್ಲಿಷ್ ಮಾತಾಡಿಸಿ, ಸುಳಿವನ್ನು ಮಾತ್ರ ಮನೆಯಲ್ಲೇ ಮರೆತು ಬಂದರೆ!

ನಮ್ಮ ಮನೆಯ ಟೀವಿಯಲ್ಲಿ ಇದು ಓಡಿದಾಗಿನ ಅಭಿಪ್ರಾಯಗಳನ್ನೂ ದಾಖಲಿಸಿಬಿಡುತ್ತೇನೆ. ಹ್ಯಾರಿ ಹೂಲೆ ಕುಡಿದು ಬಯಲಲ್ಲಿ ಬಿದ್ದುಕೊಂಡಿದ್ದನ್ನು ಕಂಡ ಕೂಡಲೇ ಚಿಕ್ಕಮ್ಮ, ‘ಅಲ್ವೋ, ಅಷ್ಟು ಚಳೀಲಿ ಒಂದು ಕಂಬಳಿನಾದ್ರೂ ಬೇಡ್ವೇನೋ? ಇವನಿಗೆ ಇಲಾಖೆಯವ್ರು ಇನ್ನೂ ಸಂಬಳ ಕೊಡ್ತಾರಾ?’ ಎಂದರು. ಅವರಿಗೆ ಕೊನೆಯವರೆಗೂ ಅದೇ ಚಿಂತೆ. ಪೊಲೀಸರು ತನಿಖೆಯ ದಾಖಲೆಗೆಂದು ಹೊತ್ತು ತಿರುಗುವ ದಪ್ಪನೆಯ ಯಂತ್ರವನ್ನು ನೋಡಿ ಅಕ್ಕ, ‘ಜೇಬಲ್ಲಿ ಫೋನಿಲ್ವಾ ಇವ್ರಿಗೆ?’ ಎಂದು ಕೇಳಿದಳು. ಲೋಕದ ಪ್ರೇಕ್ಷಕರೆಲ್ಲ ಕೇಳಿದ್ದೂ ಇದನ್ನೇ. ನಟ ಜೆ.ಕೆ. ಸಿಮನ್ಸ್ ಯಾಕೆ ಬಂದ, ಎಲ್ಲಿಗೆ ಹೋದ ಎಂಬುದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ. ಇನ್ನೊಬ್ಬ ನಟ ವಾಲ್ ಕಿಲ್ಮರ್‌ನ ತುಟಿಗೂ ಮಾತಿಗೂ ಹೊಂದುತ್ತಿಲ್ಲ ಎಂದು ಹುಡುಗರು ನಗತೊಡಗಿದಾಗ ಮಾತ್ರ ನಾನು ಗದರಿಸಬೇಕಾಯಿತು. ಆ ಮನುಷ್ಯನ ಗಂಟಲಿಗೆ ಕ್ಯಾನ್ಸರ್ ಬಂದಿತ್ತು. ದನಿಯೇ ಹೋದ ಮೇಲೂ ಬಂದು ನಟಿಸಿದವನನ್ನು ನೋಡಿ ನಗುವುದು ಬೇಡ. ಬೇರೆಯವರ ದನಿಯನ್ನು ಹಾಗೆ ಅಂಟಿಸಿದವರನ್ನು ಬೇಕಾದರೆ ಬೈಯಿರಿ.

ಪುಸ್ತಕ ಓದಿದ್ದ ಚಿಕ್ಕಮ್ಮನ ಮಗಳು ಹತ್ತು ನಿಮಿಷಕ್ಕೊಮ್ಮೆ ‘ಛೆ’ ಎನ್ನುತ್ತಿದ್ದಳು. ಯಾಕೆ ಎಂದು ಕೇಳಿದರೆ, ‘ಹೇಳಿದ್ರೆ ಸ್ಪಾಯ್ಲರ್ ಆಗತ್ತೆ.’ ಕೊನೆಗೆ ನಾವು ಅವಳ ‘ಛೆ’ಗಳನ್ನೇ ಹಿಂಬಾಲಿಸಿ ಕಥೆ ಅರ್ಥ ಮಾಡಿಕೊಳ್ಳಬೇಕಾಯಿತು.

ಭಾವನವರು ಮಾತ್ರ ಅರ್ಧ ಗಂಟೆಯಲ್ಲೇ ಒಬ್ಬನನ್ನು ತೋರಿಸಿ, ‘ಇವನೇ, ಬರ್ಕೊಳ್ಳಿ’ ಎಂದು ಕಾಲು ಚಾಚಿ ಕೂತಿದ್ದರು. ಕೊನೆಯಲ್ಲಿ ಸಿಕ್ಕಿಬಿದ್ದವನು ಬೇರೆಯವನೇ. ಎಲ್ಲರೂ ಅವರತ್ತ ತಿರುಗಿದೆವು. ನಾನು ಸಮಾಧಾನ ಮಾಡುವವನಂತೆ ನಿರ್ದೇಶಕರ ಆ 15 ಶೇಕಡಾದ ಕಥೆ ಹೇಳಿದೆ. ಹೇಳಬಾರದಿತ್ತು. ಭಾವ ಎದ್ದು ಕೂತರು.

‘ನೋಡಿದ್ರಾ! ನಾನು ಹಿಡಿದೋನೇ ಸರಿ. ಅವನು ಕೊಲೆ ಮಾಡೋ ಸೀನಿನ ಶೂಟಿಂಗ್ ಆಗಿಲ್ಲ, ಅಷ್ಟೇ.’