ಬೋಧಿಯ ಹಂಬಲದವರ ಪಾದಾರವಿಂದಗಳಿಗೆ

ಪರಮಪೂಜ್ಯ ಬೋಧಿಯ ಹಂಬಲದವರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ನನ್ನಲ್ಲೇ ಠಿಕಾಣಿ ಹೂಡಿರುವುದರಿಂದ ಕುಶಲ ಕೇಳುವ ಅಗತ್ಯವಿಲ್ಲ. ತಾವು ದಷ್ಟಪುಷ್ಟವಾಗಿದ್ದೀರಿ ಎಂಬುದಕ್ಕೆ ಸೊರಗಿಹೋದ ನನ್ನ ಧ್ಯಾನವೇ ಸಾಕ್ಷಿ.

ಮೊದಲು ತಮ್ಮ ವೇಷಕ್ಕೊಂದು ಅಭಿನಂದನೆ. ದುಃಖದ ಮೂಲ ತೃಷ್ಣೆ ಎಂದು ಬುದ್ಧ ಸಾರನಾಥದ ಮೊದಲ ಉಪದೇಶದಲ್ಲೇ ಹೇಳಿದ. ಕಾಮತೃಷ್ಣೆ, ಭವತೃಷ್ಣೆ, ವಿಭವತೃಷ್ಣೆ ಎಂದು ಹೆಸರು ಹಿಡಿದೇ ಕರೆದ. ಅದನ್ನು ಕೇಳಿ ಸೈಟಿನ ಆಸೆ, ಬಡ್ತಿಯ ಆಸೆಗಳೆಲ್ಲ ಚಪ್ಪಲಿಯ ಜೊತೆ ಧ್ಯಾನಮಂದಿರದ ಹೊರಗೇ ಉಳಿದವು. ತಾವು ಮಾತ್ರ ಕಾಷಾಯ ಹೊದ್ದು ಒಳಗೆ ಬಂದು ಮುಂದಿನ ಸಾಲಿನಲ್ಲೇ ಕೂತಿರಿ. ತಡೆಯುವ ಧೈರ್ಯ ಯಾರಿಗಿತ್ತು?

ವಿಪಶ್ಯನ ಶಿಬಿರದಲ್ಲಿ ತಾವು ಮಾಡಿದ ಉಪಕಾರವನ್ನಂತೂ ಮರೆಯಲಾರೆ. ಬೆಳಗಿನ ಜಾವ 4ಕ್ಕೆ ಗಂಟೆ, 10 ದಿನದ ಶಿಬಿರ, ಆರ್ಯಮೌನ. ನಾನು ಮಾತು ಬಿಟ್ಟೆ, ರಾತ್ರಿಯೂಟ ಬಿಟ್ಟೆ; ತಾವು ಬಾಯಿ ಮುಚ್ಚಲಿಲ್ಲ. ಮೂಗಿನ ತುದಿಗೆ ಉಸಿರು ತಗುಲಿದರೆ ‘ಇದೇನಾ?’ ಎಂದಿರಿ. ತೊಡೆ ಜುಮ್ಮೆಂದರೆ ‘ಬಂತು, ಬಂತು!’ ಎಂದಿರಿ. ಕಾಲು ಜೋಮು ಹಿಡಿದದ್ದಷ್ಟೇ ಎಂದು ಗೊತ್ತಾದಾಗ ಮುನಿಸಿಕೊಂಡು, ಪಕ್ಕದವರ ಮುಖದ ಕಳೆ ನೋಡು ಎಂದು ನನ್ನ ಕಣ್ಣು ಬಿಡಿಸಿದಿರಿ. (ಅವರು ನಿದ್ದೆ ಹೋಗಿದ್ದರು. ಪುಣ್ಯವಂತರು.) ಏನೇ ಬಂದರೂ ಸಮಚಿತ್ತದಿಂದ ನೋಡಿ ಎಂದು ಆಚಾರ್ಯರು ದಿನವೂ ಹೇಳುತ್ತಿದ್ದರು. ತಮ್ಮ ಕೃಪೆಯಿಂದ ಆ ಸಮಚಿತ್ತಕ್ಕೂ ಬಾಯಿ ಬಾಯಿ ಬಿಟ್ಟೆ.

ತಮ್ಮ ಕೀರ್ತಿ ಇವತ್ತಿನದಲ್ಲ, ಬಿಡಿ. ತಮ್ಮ ಮಾತು ಕೇಳಿ ಸೋಣನೆಂಬ ಭಿಕ್ಷು ಅಂಗಾಲು ಒಡೆದು ನೆತ್ತರು ಸುರಿಯುವ ತನಕ ನಡೆದ. ವೀಣೆಯ ತಂತಿಯನ್ನು ಎಷ್ಟು ಬಿಗಿಯಬೇಕೆಂದು ಬಲ್ಲ ಆ ಮನುಷ್ಯನಿಗೆ, ಸಾಧನೆಯ ಬಿಗಿಯೂ ಹಾಗೆಯೇ ಎಂದು ಬುದ್ಧನೇ ಬಂದು ನೆನಪಿಸಬೇಕಾಯಿತು.

ಇನ್ನು ಆನಂದ. ಬುದ್ಧನ ಸೇವೆಯಲ್ಲಿ 25 ವರ್ಷ ಕಳೆದವನು. ಬುದ್ಧನ ಪರಿನಿರ್ವಾಣದ ನಂತರ ರಾಜಗೃಹದಲ್ಲಿ ಅರಹಂತರ, ಅಂದರೆ ಪೂರ್ಣ ಬಿಡುಗಡೆ ಪಡೆದವರ, ಸಭೆ ಸೇರಲಿತ್ತು. ಹಿಂದಿನ ರಾತ್ರಿಯಾದರೂ ಆನಂದ ಇನ್ನೂ ಅರಹಂತನಾಗಿರಲಿಲ್ಲ. ಆ ರಾತ್ರಿ ತಾವು ಅವನನ್ನು ಎಷ್ಟು ದುಡಿಸಿಕೊಂಡಿರೋ! ಬೆಳಗಾಗುತ್ತ ಬಂದಾಗ ಅವನು ಸಾಕಾಗಿ, ಸ್ವಲ್ಪ ಒರಗೋಣವೆಂದು ಮಂಚಕ್ಕೆ ಬಂದ. ಕಾಲು ನೆಲ ಬಿಟ್ಟಿದೆ, ತಲೆ ಇನ್ನೂ ದಿಂಬಿಗೆ ತಾಗಿಲ್ಲ. ಅಷ್ಟರಲ್ಲಿ ಬಿಡುಗಡೆ ಆಗಿಯೇ ಹೋಯಿತು ಎನ್ನುತ್ತವೆ ಪಾಲಿ ಗ್ರಂಥಗಳು. ಆ ಗಳಿಗೆಯಲ್ಲಿ ತಾವೆಲ್ಲಿದ್ದಿರಿ ಸ್ವಾಮಿ? ಬೇರೆ ಯಾರ ಮನೆಗೋ ದಯಮಾಡಿಸಿದ್ದಿರೆಂದು ಕಾಣುತ್ತದೆ.

ಹಾಗೆಂದು ತಮ್ಮನ್ನು ಹೊರದಬ್ಬುವ ಉದ್ಧಟತನ ನನಗಿಲ್ಲ. ಇದೇ ಆನಂದನೇ ಕೌಶಾಂಬಿಯಲ್ಲಿ ಉಣ್ಣಾಭನೆಂಬ ಬ್ರಾಹ್ಮಣನಿಗೆ ತಮ್ಮ ಪರವಾಗಿ ವಾದಿಸಿದ್ದಾನೆ: ವಿಹಾರಕ್ಕೆ ಬರಬೇಕೆಂಬ ಬಯಕೆಯೇ ನಿನ್ನನ್ನು ಇಲ್ಲಿಗೆ ಕರೆತಂದಿತು, ಬಂದ ಮೇಲೆ ಅದು ತಾನಾಗಿ ಅಡಗಿತಲ್ಲವೇ ಎಂದು. ತಾವಿಲ್ಲದಿದ್ದರೆ ನಾನು ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ, ನಿಜ. ಆದರೆ ಉಣ್ಣಾಭನಿಗೆ ದಾರಿ ತೋರಿಸಿದ ಬಯಕೆಗೆ ಬಾಗಿಲಲ್ಲಿ ನಿಲ್ಲುವ ಮರ್ಯಾದೆ ತಿಳಿದಿತ್ತು.

ಆದ್ದರಿಂದ ಒಂದು ಸಣ್ಣ ಅರಿಕೆ. ನಾಳೆ ಬೆಳಗ್ಗೆ ನಾಲ್ಕೂವರೆಗೆ ನಾನು ಧ್ಯಾನಕ್ಕೆ ಕೂರುವವನಿದ್ದೇನೆ. ತಾವು ಬಹಳ ದಣಿದಿದ್ದೀರಿ. ದಯವಿಟ್ಟು ಏಳಬೇಡಿ.

ಇಂತಿ ತಮ್ಮ ವಿಧೇಯ,
ಒಬ್ಬ ಸಾಧಕ