ದಿನಕ್ಕೆ 17 ಬೆನ್ನು

ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆ ಎಂದಿಟ್ಟುಕೊಳ್ಳಿ. ಎಂಆರ್‌ಐ ಬೇಕೋ ಬೇಡವೋ ಎಂದು ಆಡಳಿತ ಮಂಡಳಿ ಕೂತಿದೆ. ಎದುರು ರಸ್ತೆಯ ಆಸ್ಪತ್ರೆ ‘ಶೀಘ್ರದಲ್ಲೇ ಎಂಆರ್‌ಐ’ ಎಂದು ಬೋರ್ಡು ನೇತುಹಾಕಿದ ದಿನವೇ ಇಲ್ಲೂ ಬೇಕೆಂದು ತೀರ್ಮಾನವಾಗಿದೆ. ಈಗ ಬಾಕಿ ಇರುವುದು ಕಾರಣ ಹುಡುಕುವ ಕೆಲಸ.

1.5 ಟೆಸ್ಲಾ ಮಷೀನು, 7 ಕೋಟಿ ಅನ್ನಿ. ಬ್ಯಾಂಕಿನ ಕಂತು ತಿಂಗಳಿಗೆ 12 ಲಕ್ಷ. ಕರೆಂಟು, ಎ.ಸಿ., ನಿರ್ವಹಣೆಯ ಗುತ್ತಿಗೆ, ಸಂಬಳ ಎಲ್ಲ ಸೇರಿ ಇನ್ನೊಂದು 8 ಲಕ್ಷ. ಅಯಸ್ಕಾಂತಕ್ಕೆ ಭಾನುವಾರವಿಲ್ಲ. ಅದರ ಸುರುಳಿಯನ್ನು ಹೀಲಿಯಂ ಮೈನಸ್ 269 ಡಿಗ್ರಿಯಲ್ಲಿ ತಣ್ಣಗಿಟ್ಟಿರಬೇಕು. ರೋಗಿ ಬರಲಿ ಬಿಡಲಿ, ಮೀಟರು ಓಡುತ್ತಲೇ ಇರಬೇಕು. ಸ್ಕ್ಯಾನಿಗೆ 6,000 ರೂಪಾಯಿಯಂತೆ ದಿನಕ್ಕೆ 11 ಜನ ಬಂದರೆ ಅಸಲು.

‘ರೆಫರಲ್ ಹಿಡಿದಿಲ್ಲ ಸಾರ್’ ಅಂದರು ಅಕೌಂಟೆಂಟು.

ಹೌದಲ್ಲ! 2017ರಲ್ಲಿ ಬೆಂಗಳೂರಿನ ಲ್ಯಾಬುಗಳ ಮೇಲೆ ದಾಳಿ ಮಾಡಿದ ಆದಾಯ ತೆರಿಗೆ ಇಲಾಖೆ, ಚೀಟಿ ಬರೆದುಕೊಟ್ಟ ವೈದ್ಯರಿಗೆ ಸಲ್ಲುವ ಪಾಲನ್ನೂ ಪ್ರಕಟಿಸಿ ಪುಣ್ಯ ಕಟ್ಟಿಕೊಂಡಿತ್ತು: ಎಂಆರ್‌ಐಗೆ ಶೇ 35, ಸಿಟಿಗೆ ಶೇ 20. 2002ರ ವೈದ್ಯಕೀಯ ನೀತಿ ಸಂಹಿತೆ ಇದು ಕೂಡದು ಎನ್ನುತ್ತದೆ. ಹಾಗಾಗಿ ಲೆಡ್ಜರಿನಲ್ಲಿ ಅದು ‘ಮಾರ್ಕೆಟಿಂಗ್ ವೆಚ್ಚ’. ಅಷ್ಟು ಕಳೆದರೆ ಕೈಗೆ ಉಳಿಯುವುದು 3,900. ಅಸಲು ಗಿಟ್ಟಲು ಈಗ ದಿನಕ್ಕೆ 17 ಜನ ಬೇಕು. ಆ ಹೆಚ್ಚಿನ ಆರು ಮಂದಿ ಬರುವುದು ಕಾಯಿಲೆ ಬಿದ್ದಲ್ಲ, ಲಕೋಟೆಯ ಖರ್ಚು ಹುಟ್ಟಿಸಲು.

ಎಲ್ಲಿಂದ ತರುವುದು? ‘ಬೆನ್ನು ಇದೆಯಲ್ಲ’ ಅಂದರು ಮಾರ್ಕೆಟಿಂಗ್ ಮ್ಯಾನೇಜರು. ಅವರ ಮಾತಿನಲ್ಲಿ ವಿಜ್ಞಾನವಿದೆ. 50ರ ಪ್ರಾಯದಲ್ಲಿ, ನೋವೆಂಬುದೇ ಇಲ್ಲದ ಐವರನ್ನು ಸ್ಕ್ಯಾನ್ ಮಾಡಿದರೂ ನಾಲ್ವರಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ತಲೆಗೂದಲು ನರೆತ ಹಾಗೆ. ನರೆಗೂದಲಿಗೆ ಮಾತ್ರ ಯಾರೂ ಫಿಲ್ಮ್ ಹಿಡಿದು ಹೆದರಿಸುವುದಿಲ್ಲ, ಅಷ್ಟೆ.

ಮೂಳೆ ಡಾಕ್ಟರೊಬ್ಬರು ಗಂಟಲು ಸರಿಮಾಡಿಕೊಂಡರು. ಕಾಲು ಸೋತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅವತ್ತೇ ಸ್ಕ್ಯಾನ್ ಆಗಬೇಕು, ಒಪ್ಪಿದೆ; ಉಳಿದ ಬೆನ್ನುನೋವು ಬಹುಪಾಲು ಆರು ವಾರದೊಳಗೆ ತಾನಾಗಿ ಇಳಿಯುತ್ತದೆ, ಅಂದರು.

‘ಆರು ವಾರಕ್ಕೆ ಒಂದೂವರೆ ಕಂತು ಬೀಳುತ್ತೆ ಡಾಕ್ಟ್ರೇ.’

ಚಿತ್ರ ಓದುವವರು ಯಾರು ಎಂಬ ಪ್ರಶ್ನೆ ತಡವಾಗಿ ಬಂತು, ಬೇಗ ಹೋಯಿತು. ಊರಲ್ಲಿ ರೇಡಿಯಾಲಜಿಸ್ಟ್ ಇಲ್ಲ. ಫೈಲು ಬೆಂಗಳೂರಿಗೆ ಹೋಗಿ ರಿಪೋರ್ಟಾಗಿ ಬರುತ್ತದೆ. ಅದರ ಕೊನೆಯ ಸಾಲು, ‘ಕ್ಲಿನಿಕಲ್ ಕೋರಿಲೇಶನ್ ಅಗತ್ಯ’. ರೋಗಿಯನ್ನೊಮ್ಮೆ ಮುಟ್ಟಿ ನೋಡಿ ಎಂದು. 6,000 ಕಟ್ಟಿಸಿಕೊಂಡ ಮೇಲೆ.

ಸಭೆ ನಿಜವಾಗಿ ತಲೆಕೆಡಿಸಿಕೊಂಡದ್ದು ಉದ್ಘಾಟನೆಗೆ. ಅಯಸ್ಕಾಂತಕ್ಕೆ ಮಂತ್ರಿಗಳೆಂಬ ದಾಕ್ಷಿಣ್ಯವಿಲ್ಲವಂತೆ. ಕಬ್ಬಿಣ ಕಂಡರೆ ಸೆಳೆಯುತ್ತದೆ. ಗನ್‌ಮ್ಯಾನ್ ಹೊರಗೇ ನಿಲ್ಲಬೇಕು, ಪೂಜೆಯ ಕಾಯಿ ಒಡೆಯುವ ಮಚ್ಚು ಕೂಡ. ಹಿತ್ತಾಳೆ ದೀಪಕ್ಕೆ ಅಡ್ಡಿಯಿಲ್ಲ. ಟೇಪು ಕತ್ತರಿಸುವ ಕತ್ತರಿಯ ಬಗ್ಗೆ ಒಮ್ಮತ ಮೂಡದೆ, ಉಪಸಮಿತಿ ರಚಿಸಲಾಗಿದೆ.