ಎಳ್ಳೆಣ್ಣೆ ಕುಡಿದ ದೊರೆ, ಕಾಲ್‌ನಲ್ಲಿ ಕೂತ ಪ್ರಜೆ

ಬೆಳಗಿನ ದಿನಚರಿಯನ್ನು ಊರಿಗೆಲ್ಲ ಸಾರುವ ಚಟ ಇನ್‌ಸ್ಟಾಗ್ರಾಂ ಕಾಲದ್ದೇನಲ್ಲ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಕೃಷ್ಣದೇವರಾಯನ ಮುಂಜಾವನ್ನು ಬರೆದಿಟ್ಟು ಹೋಗಿದ್ದಾನೆ. ಬೆಳಕು ಹರಿಯುವ ಮುಂಚೆಯೇ ದೊರೆ ಎಳ್ಳೆಣ್ಣೆ ಕುಡಿಯುತ್ತಿದ್ದ. ಒಂದೆರಡು ಚಮಚೆಯಲ್ಲ, ನಮ್ಮ ಲೆಕ್ಕದಲ್ಲಿ ಅರ್ಧ ಲೀಟರಿಗೆ ತುಸು ಕಮ್ಮಿ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕುಡಿದ ಎಣ್ಣೆ ಬೆವರಾಗಿ ಇಳಿಯುವ ತನಕ ಕತ್ತಿ ಬೀಸುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ಬೆಳಗಾಗುವವರೆಗೆ ಕುದುರೆ ಸವಾರಿ, ಸ್ನಾನ, ಪೂಜೆ. ರಾಜ್ಯಭಾರ ಅದಾದ ಮೇಲೆ.

ಈಗ ಅದೇ ಹಂಪಿಯ ಮತಂಗ ಬೆಟ್ಟದ ಮೇಲೆ ಸೂರ್ಯೋದಯಕ್ಕೆ ಬೆನ್ನು ತಿರುಗಿಸಿ ನಿಂತು, ಫೋನು ಎತ್ತಿ ಹಿಡಿದು, ಐದಕ್ಕೆ ಏಳಿ, ಬದುಕು ಬದಲಾಗುತ್ತೆ ಎನ್ನುವವರೆಲ್ಲ ಪೇಸ್‌ನ ಮರಿಮಕ್ಕಳೇ. ಆದರೆ ಆ ಕುಸ್ತಿಯ ಜಟ್ಟಿ ಎಷ್ಟು ಹೊತ್ತಿಗೆ ಏಳುತ್ತಿದ್ದ, ಏನು ಕುಡಿಯುತ್ತಿದ್ದ ಅಂತ ಯಾವ ಪೋರ್ಚುಗೀಸನೂ ಬರೆಯಲಿಲ್ಲ. ದೊರೆಗೆ ಎಚ್ಚರವಾದಾಗ ಅವನು ಎದ್ದಿರಬೇಕು, ಅಷ್ಟೆ. ಕೆಲಸ ಯಾವಾಗ ಶುರು ಅಂತ ನಿರ್ಧರಿಸುವವನಿಗೆ ಮಾತ್ರ ದಿನಚರಿ ಇರುತ್ತದೆ. ಉಳಿದವರಿಗೆ ಇರುವುದು ಹಾಜರಿ.

ನಮ್ಮ ಐಟಿ ಹುಡುಗರು ತಮ್ಮನ್ನು ರಾಯರ ಜಾಗದಲ್ಲಿ ಇಟ್ಟುಕೊಂಡು ದಿನಚರಿ ಕಲಿಸುವ ಪುಸ್ತಕ ಓದುತ್ತಾರೆ. ಇರುವುದು ಜಟ್ಟಿಯ ಜಾಗದಲ್ಲಿ.

ಕಂಪ್ಲಿಯ ಒಬ್ಬ ಹುಡುಗನನ್ನು ತಗೊಳ್ಳಿ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದವನು ಭತ್ತದ ಚೀಲಗಳ ಪಕ್ಕದ ಕೋಣೆಯಲ್ಲೇ ಆಫೀಸು ಮಾಡಿಕೊಂಡ. ಹೆಸರು ಬೇಡ, ಇಂಥವರು ಈಗ ಹೊಸಪೇಟೆಯ ಒಂದೊಂದು ಓಣಿಯಲ್ಲೂ ಇದ್ದಾರೆ. ಗೋಡೆಯ ಮೇಲೆ ಬಣ್ಣಬಣ್ಣದ ವೇಳಾಪಟ್ಟಿ: ಐದಕ್ಕೆ ಧ್ಯಾನ, ಆರಕ್ಕೆ ವಾಕಿಂಗ್, ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ವಿರಾಮ. ನೀರು ಕುಡಿ ಅಂತ ನೆನಪಿಸಲು ಒಂದು ಆ್ಯಪ್, ಉಸಿರಾಡು ಅಂತ ಹೇಳಲು ಕೈಗೊಂದು ವಾಚು. ಪಟ್ಟಿಯ ಮೇಲ್ತುದಿ ಅವನ ಕೈಯಲ್ಲಿದೆ. ಕೆಳತುದಿ ಕ್ಯಾಲಿಫೋರ್ನಿಯಾದಲ್ಲಿದೆ.

ಅಲ್ಲಿಯವರ ಜೊತೆ ಕಾಲ್ ಶುರುವಾಗುವ ಬೆಳಗಿನ ಒಂಬತ್ತು ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಆವತ್ತಿನಿಂದ ಕಂಪ್ಲಿಯ ಮನೆಯಲ್ಲಿ ಕಾಲ್ ಹತ್ತೂವರೆಗೆ. ಮಾರ್ಚ್‌ನಲ್ಲಿ ಮತ್ತೆ ವಾಪಸ್. ಇದನ್ನು ಅವ್ವನಿಗೆ ತಿಳಿಸಿ ಹೇಳುವುದು ಕೋಡ್ ಬರೆಯುವುದಕ್ಕಿಂತ ಕಷ್ಟ.

"ಗಡಿಯಾರ ಅವ್ರು ತಿರುವಿದ್ರ ನಮ್ಮನಿ ಅನ್ನ ಯಾಕ ಆರಬೇಕೋ ತಮ್ಮಾ?"

"ಯವ್ವಾ, ಮ್ಯೂಟ್ ತೆಗ್ದೈತಿ, ಸುಮ್ಕಿರು."

ಅವನ ಅಣ್ಣ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತಾನೆ. ಎ ಶಿಫ್ಟ್, ಬಿ ಶಿಫ್ಟ್, ಸಿ ಶಿಫ್ಟ್. ಬೆಂಕಿಯ ಮುಂದಿನ ಕೆಲಸ, ಸುಖದ್ದೇನಲ್ಲ. ಆದರೆ ಶಿಫ್ಟ್ ಮುಗಿದರೆ ಬಸ್ಸು ಹತ್ತುತ್ತಾನೆ, ಕುಲುಮೆ ಅವನ ಬೆನ್ನು ಹತ್ತಿ ಮನೆಗೆ ಬರುವುದಿಲ್ಲ. ತಮ್ಮನ ಕುಲುಮೆ ಜೇಬಿನಲ್ಲೇ ಇದೆ, ಊಟಕ್ಕೆ ಕೂತಾಗ ಗುಂಯ್‌ಗುಟ್ಟುತ್ತದೆ. ಸಂಜೆ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿನ್ನುವಾಗ ಓಣಿಯವರ ದೃಷ್ಟಿಯಲ್ಲಿ ಮಾತ್ರ ಅದೃಷ್ಟವಂತ ಇವನೇ. ಮನ್ಯಾಗ ಕುಂತು ಲಕ್ಷ ಎಣಿಸ್ತಾನ ಅಂತ.

ಈ ನಡುವೆ ದೊಡ್ಡವರು ಸವಾಲ್ ಕೂಗುತ್ತಿದ್ದಾರೆ. 2023ರಲ್ಲಿ ಐಟಿ ಉದ್ಯಮಿ ನಾರಾಯಣ ಮೂರ್ತಿ ವಾರಕ್ಕೆ 70 ತಾಸು ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ಮಾತು ಹೊರಬಿತ್ತು, 90 ತಾಸು. ವಾರಕ್ಕೆ ಇರುವುದೇ 168, ಸವಾಲು ಅಲ್ಲಿಗಾದರೂ ನಿಲ್ಲಬಹುದು. ಅದರ ನಡುವೆ, 2024ರ ಜುಲೈನಲ್ಲಿ, ಐಟಿಯವರಿಂದ ದಿನಕ್ಕೆ 12 ತಾಸಿಗಿಂತಲೂ ಹೆಚ್ಚು ದುಡಿಸಲು ಕಾನೂನು ತಿದ್ದುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂತು. ನೌಕರರ ಸಂಘ ಬೀದಿಗಿಳಿಯಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್, ಇದು ನಮ್ಮದಲ್ಲ, ಉದ್ಯಮದವರ ಒತ್ತಡ ಅಂದರು. ಲಾಡ್ ಸಂಡೂರಿನವರು. ಒತ್ತಡ ಹೆಚ್ಚಾದರೆ ಏನಾಗುತ್ತದೆಂದು ಆ ಊರಿನವರಿಗೆ ಹೇಳಿಕೊಡಬೇಕಿಲ್ಲ.

ಸಂಡೂರಿನ ಗುಡ್ಡಗಳನ್ನು ಹಗಲು ರಾತ್ರಿ ಅಗೆದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಆಮೇಲೆ ಬಿಟ್ಟರೂ ಲೆಕ್ಕ ಹಾಕಿ ಬಿಟ್ಟಿತು: ಜಿಲ್ಲೆಗೆ ವರ್ಷಕ್ಕೆ 25 ದಶಲಕ್ಷ ಟನ್ ಅದಿರು. 2022ರಲ್ಲಿ ಅದು 35 ಆಯಿತು, ಆದರೂ ಅಂಕೆ ಅಂತ ಒಂದಿತ್ತು. ಇನ್ನು ತುಂಗಭದ್ರಾ ಡ್ಯಾಮು ನೋಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ದುಡಿದ ಕಬ್ಬಿಣ. ಗೇಟು ಬೆಳಗ್ಗೆ ಬೇಗ ಏಳಲಿಲ್ಲ, ಧ್ಯಾನ ಮಾಡಲಿಲ್ಲ, ಅದರ ಟೈಮ್ ಮ್ಯಾನೇಜ್‌ಮೆಂಟ್ ಸರಿಯಿಲ್ಲ ಅಂತ ಯಾರೂ ಅನ್ನಲಿಲ್ಲ. ಉಳಿದ ಗೇಟು ತೆರೆದು ಭಾರ ಇಳಿಸಿದರು. ಮುಂದಿನ ವರ್ಷ, 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80ರಷ್ಟೇ ಸಾಕು ಅಂದರು. ಗೇಟು ಕೊಚ್ಚಿಹೋದ ಅದೇ 2024ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದಲ್ಲಿ, ಡ್ಯೂಟಿ ಮುಗಿದ ಮೇಲೆ ಸಾಹೇಬರ ಫೋನು ಎತ್ತದಿರುವ ಹಕ್ಕು ಜಾರಿಗೆ ಬಂತು.

ನಮ್ಮ ಕಡೆ ಗುಡ್ಡಕ್ಕೊಂದು ಮಿತಿ ಬಂತು, ನೀರಿಗೊಂದು ಮಿತಿ ಬಂತು. ಎರಡೂ ಬಂದದ್ದು ಮುರಿದ ಮೇಲೆ. ಕಂಪ್ಲಿಯ ಹುಡುಗ ಇನ್ನೂ ಮುರಿದಿಲ್ಲ, ಆದ್ದರಿಂದ ಅವನ ಮಿತಿಯ ಕಡತ ಮುಂದೆ ಹೋಗುವುದಿಲ್ಲ. ಮುರಿದರೂ ಕಂಪನಿಗೆ ಚಿಂತೆಯಿಲ್ಲ. ಡ್ಯಾಮಿನ ಬಾಯಿಗೆ ಸ್ಟಾಪ್‌ಲಾಗ್, ಅಂದರೆ ಮುರಿದ ಗೇಟಿನ ಬದಲಿ ಅಡ್ಡಹಲಗೆ, ಇಳಿಸಲು ಎಂಜಿನಿಯರುಗಳು ಒಂದು ವಾರ ಹರಿವ ನೀರಿನಲ್ಲಿ ಹೆಣಗಿದರು. ಐಟಿಯ ಸ್ಟಾಪ್‌ಲಾಗ್‌ಗಳು ಪ್ರತಿ ಜೂನ್‌ನಲ್ಲಿ ಕಾಲೇಜುಗಳಿಂದ ತಾವಾಗಿಯೇ ಹೊರಬರುತ್ತವೆ, ರೆಸ್ಯೂಮೆ ಸಮೇತ.

ಹುಡುಗನ ಅಪ್ಪ ಗದ್ದೆಯವನು. ಅವನಿಗೆ ಗೊತ್ತಿರುವ ವೇಳಾಪಟ್ಟಿ ಕಾಲುವೆಯದು. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಇಂಥ ತಾರೀಕಿಗೆ ನೀರು ಬಿಡುವುದು, ಇಂಥ ತಾರೀಕಿಗೆ ಬಂದ್ ಅಂತ ಗೊತ್ತು ಮಾಡುತ್ತದೆ. ನೀರು ಕಮ್ಮಿಯಿದ್ದರೆ ಆನ್ ಅಂಡ್ ಆಫ್: ಕೆಲವು ದಿನ ಬಿಡುವುದು, ಕೆಲವು ದಿನ ಬಂದ್. ಒಪ್ಪಿಗೆಯಾಗದಿದ್ದರೆ ರೈತರು ರಸ್ತೆಗಿಳಿಯುತ್ತಾರೆ. ಒಂದು ರಾತ್ರಿ ಹನ್ನೆರಡಾದರೂ ಕೋಣೆಯ ದೀಪ ಆರದ್ದು ನೋಡಿ ಅಪ್ಪ ಬಾಗಿಲಲ್ಲಿ ನಿಂತ.

"ಎಲ್ರೂ ಕೂಡಿ ಹೋಗಿ ಗೇಟಿನ ಮುಂದ ಕುಂದ್ರಬೇಕಪ. ನಾವು ಹಂಗ ಮಾಡೋದು. ಹಿಂಗ ಒಬ್ಬೊಬ್ಬರ ವಾಚ್ ನೋಡ್ಕಂತ ಕುಂತ್ರ ಆಗ್ತೈತೇನು?"

"ನಮ್ ಗೇಟು ಕ್ಯಾಲಿಫೋರ್ನಿಯಾದಾಗೈತಪ್ಪ. ಅದರ ಮುಂದ ಹೋಗಿ ಕುಂದ್ರಬೇಕಂದ್ರೂ ವೀಸಾ ಬೇಕು."